ಕುಂದಾಪುರದಲ್ಲಿ ಐದು ಹೊಳೆ ಉಂಟು, ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಓಡಿಸೋ ಒಂದು ಗುಂಪಿಲ್ಲ. ಶುರು ಮಾಡೋಣ್ವಾ?

ವಾರಾಹಿದಂಡೆ:
ಎಲ್ರಿಗೂ ನಮಸ್ಕಾರ. ಆನಗಳ್ಳಿ ಕಡೆಯವ ನಾನು. ಸುಮಾರು ಸಮಯದಿಂದ ತಲೆಯಲ್ಲಿ ಇದ್ದ ವಿಷಯ, ಇವತ್ತು ಬರೆದೇ ಬಿಡ್ತೇನೆ. ನಮ್ಮಲ್ಲಿ ವಾರಾಹಿ, ಚಕ್ರಾ, ಸೌಪರ್ಣಿಕಾ ಎಲ್ಲ ಸೇರಿ ಐದು ಹೊಳೆ ಒಟ್ಟಾಗಿ ಗಂಗೊಳ್ಳಿ ಅಳಿವೆಯಲ್ಲಿ ಸಮುದ್ರಕ್ಕೆ ಹೋಗ್ತವೆ, ನಡುವಲ್ಲಿ ಉಪ್ಪಿನಕುದ್ರು ತರದ ಕುದ್ರುಗಳು (ಹೊಳೆ ನಡುವಿನ ದ್ವೀಪಗಳು), ದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್), ಹಿಂದೆ ಬಸ್ರೂರಿಗೆ ಇದೇ ನೀರಲ್ಲಿ ವ್ಯಾಪಾರದ ಹಡಗು ಬರ್ತಿದ್ವು. ಇಷ್ಟು ಒಳ್ಳೆ ನೀರು ಇಟ್ಕೊಂಡು ನಮ್ಮ ತಲೆಮಾರಿನವರು ಹೊಳೆಯನ್ನು ನೋಡೋದು ಹೈವೇ ಸೇತುವೆ ಮೇಲಿಂದ ಮಾತ್ರ, ಅದೂ ಬಸ್ಸಿನ ಕಿಟಕಿಯಲ್ಲಿ. ನನಗೆ ಇದು ನಿಜವಾಗ್ಲೂ ಬೇಜಾರಿನ ವಿಷಯ.

ಸಾಲಿಗ್ರಾಮದ ಹತ್ರ ಸೀತಾ ನದಿಯಲ್ಲಿ ಕಯಾಕಿಂಗ್ ಉಂಟಲ್ಲ ಅಂತ ಕೇಳ್ಬಹುದು. ಉಂಟು, ಚೆನ್ನಾಗಿ ನಡೆಸ್ತಾರೆ, ನಾನು ಮೊದಲು ಹುಟ್ಟು ಹಿಡಿದದ್ದೂ ಅಲ್ಲೇ. ಆದ್ರೆ ಅದು ದುಡ್ಡು ಕೊಟ್ಟು ಒಂದು ಗಂಟೆ ಸುತ್ತಿ ಬರುವ ವ್ಯವಸ್ಥೆ, ಬರುವವರು ಹೆಚ್ಚಿನವರು ಪ್ರವಾಸಿಗರು. ನಾನು ಹೇಳ್ತಿರೋದು ಬೇರೆ. ಊರಿನವರೇ ವಾರವಾರ ಸೇರಿ, ಒಬ್ರಿಗೊಬ್ರು ಕಲಿಸಿ, ನಮ್ಮ ಹೊಳೆ ನಮಗೆ ಗೊತ್ತಿರೋ ಹಾಗೆ ಆಗ್ಬೇಕು. ಸದ್ಯಕ್ಕೆ ಆಸಕ್ತಿ ಇರೋದು ನಾನು, ನನ್ನ ಅಕ್ಕನ ಮಗ, ಮತ್ತೆ ಕಾಲೇಜಲ್ಲಿ ಪಾಠ ಮಾಡುವ ಒಬ್ಬ ಸ್ನೇಹಿತರು. ಬೋಟ್ ಯಾವ್ದು ತಗೊಳ್ಳೋದು, ಜನ ಸೇರಿಸೋದು ಹೇಗೆ, ಪರ್ಮಿಷನ್ ಯಾರ ಹತ್ರ, ಯಾವುದರಿಂದ ಶುರು ಮಾಡೋದು? ಅನುಭವ ಇದ್ದವರು ದಯವಿಟ್ಟು ಬರೀರಿ.

ಬೆಂಗ್ಳೂರ್‌ಪ್ಯಾಡ್ಲರ್:
ಒಳ್ಳೆ ಕೆಲಸ ಸರ್, ಖಂಡಿತ ಮಾಡಿ. ನಂದು ಒಂದೇ ಸಲಹೆ, ಮೊದ್ಲು ವಾಟ್ಸಾಪ್ ಗ್ರೂಪ್ ಮಾಡ್ಬೇಡಿ. ಇಲ್ಲಿ ನಾವು ಕೆರೆಯಲ್ಲಿ ಪ್ಯಾಡಲ್ ಮಾಡೋಕೆ ಅಂತ ಗ್ರೂಪ್ ಮಾಡಿದ್ವಿ, ನೂರಾರು ಜನ ಸೇರಿದ್ರು, ಫೋಟೋ ಹಾಕಿದ್ರೆ ನೂರು ಹಾರ್ಟ್ ಬರುತ್ತೆ, ಭಾನುವಾರ ಬೆಳಿಗ್ಗೆ ನೋಡಿದ್ರೆ ಅದೇ ನಾಲ್ಕೈದು ಮುಖ. "ಯಾರ್ ಯಾರ್ ಬರ್ತೀರಾ" ಅಂತ ಕೇಳೋದೇ ಸಮಸ್ಯೆ, ಕೇಳಿದ ತಕ್ಷಣ ಎಲ್ಲರೂ ಇನ್ನೊಬ್ರು ಹೇಳ್ಲಿ ಅಂತ ಕಾಯ್ತಾರೆ. ಆಮೇಲೆ ನಾವು ಕೇಳೋದು ಬಿಟ್ವಿ. ಪ್ರತಿ ಭಾನುವಾರ, ಇದೇ ಜಾಗ, ಯಾರು ಬರ್ಲಿ ಬಿಡ್ಲಿ ಇಬ್ಬರು ಅಲ್ಲಿ ಇದ್ದೇ ಇರ್ತೀವಿ ಅಂತ ಮಾಡಿದ್ಮೇಲೆ ಗುಂಪು ನಿಂತಿದ್ದು. ಬರೋಕೆ ಆಗದೇ ಇರೋನಿಗೂ ಮುಂದಿನ ವಾರ ಅದು ಇರುತ್ತೆ ಅನ್ನೋ ಧೈರ್ಯ ಇರ್ಬೇಕು, ಅಷ್ಟೇ.

ಗಂಗೊಳ್ಳಿ_ಹುಡ್ಗ:
ಹ್ವಾಯ್, ನಾನ್ ಗಂಗೊಳ್ಳಿಯವ, ನಮ್ದ್ ಮೀನಿನ ಮನಿ. ವಿಷಯ ಲಾಯ್ಕ್ ಇತ್ತ್, ಆದ್ರೆ ಒಂದ್ ಮಾತ್ ಹೇಳ್ತೆ, ಬೇಜಾರ್ ಮಾಡ್ಕಣ್ಬೇಡಿ. ಭಾನುವಾರ ಬೆಳಿಗ್ಗೆ ಆರ್ ಗಂಟಿಗೆ ಅಂತ ಫಿಕ್ಸ್ ಮಾಡುಕೆ ಇಲ್ ಆಪುದಿಲ್ಲ. ಕೆರಿ ನೀರಲ್ಲ ಇದ್. ಭರತ ಇಳಿತ ದಿನದಿಂದ ದಿನಕ್ಕೆ ಮುಕ್ಕಾಲ್ ಗಂಟಿ ಮೇಲೇ ತಡ ಆತ್ತ್. ಇಳಿತದ ಹೊತ್ತಿಗೆ ಸೇತುವೆಯಿಂದ ಕೆಳಗೆ ಹೊಸಬ್ರನ್ನ ಬಿಟ್ರೆ ನೀರ್ ಸೀದ ಅಳಿವೆಗೆ ಎಳಿತ್ತ್. ಅಲ್ಲಿ ಬೋಟ್ ಹೋಪು ದಾರಿ, ದೊಡ್ಡ ಬೋಟಿನವ್ರಿಗೆ ನಿಮ್ಮ ಸಣ್ಣ ಕಯಾಕ್ ಕಾಣುದೇ ಇಲ್ಲ. ಅಮಾವಾಸ್ಯೆ ಹುಣ್ಣಿಮೆ ಆಚೀಚೆ ಅಂತೂ ಇನ್ನೂ ಜೋರ್.

ಇನ್ನೊಂದ್, ದಂಡೆಯಲ್ಲಿ ಬಲೆ ಕಟ್ಟಿಟ್ಟಿರ್ತ್ರ್, ಗೂಟ ನೀರಿನೊಳಗೆ ಇದ್ರೆ ಗೊತ್ತಾಪುದಿಲ್ಲ. ಮೀನ್ ಸಾಕುವ ಪಂಜರ ಇತ್ತ್. ಬಲೆ ಹರಿದ್ರೆ ಅವ್ರಿಗೆ ಆ ದಿನದ ದುಡಿಮೆ ಹೋಯ್ತ್. ಮೊದ್ಲ್ ಅವ್ರತ್ರ ಮಾತಾಡಿ, ಆಮೇಲೆ ಬೋಟ್ ತೆಗಿನಿ.

ವಾರಾಹಿದಂಡೆ:
ಬೇಜಾರು ಎಂತಕ್ಕೆ ಮಾರಾಯ್ರೆ, ಇದೇ ಬೇಕಿತ್ತು ನನಗೆ. ದಿನ ಫಿಕ್ಸ್, ಹೊತ್ತು ಮಾತ್ರ ಭರತ ನೋಡಿ ಅಂತ ಇಟ್ಟರೆ? ಮತ್ತೆ ನೀವು ಒಂದು ದಿನ ಬಂದು ಎಲ್ಲಿ ಬಲೆ ಇರ್ತದೆ, ಎಲ್ಲಿ ಹೋಗ್ಬಾರ್ದು ಅಂತ ತೋರಿಸಿದ್ರೆ ದೊಡ್ಡ ಉಪಕಾರ.

ಬ್ರಿಸ್ಟಲ್_ಕನ್ನಡಿಗ:
ಗಂಗೊಳ್ಳಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಮೂಲತಃ ಉಡುಪಿಯವನು, ಈಗ ಇಂಗ್ಲೆಂಡಿನ ಬ್ರಿಸ್ಟಲ್ ಹತ್ರ ಇರೋದು. ಇಲ್ಲಿ ಸೆವರ್ನ್ ಅಳಿವೆಯಲ್ಲಿ ಉಬ್ಬರ ಇಳಿತದ ವ್ಯತ್ಯಾಸ ದೊಡ್ಡ ದಿನಗಳಲ್ಲಿ 14 ಮೀಟರ್ ಹತ್ರ ಹೋಗುತ್ತೆ, ಪ್ರಪಂಚದಲ್ಲೇ ಅತಿ ದೊಡ್ಡದರಲ್ಲಿ ಒಂದು, ಹಾಗಾಗಿ ಇಲ್ಲಿನ ಕ್ಲಬ್ಬಿನಲ್ಲಿ ಮೊದಲ ಪಾಠವೇ ಟೈಡ್ ಟೇಬಲ್ (ಉಬ್ಬರ ಇಳಿತದ ಹೊತ್ತಿನ ಪಟ್ಟಿ) ಓದೋದು. ನಮ್ಮ ಕರಾವಳಿಯಲ್ಲಿ ಅದು ಒಂದೂವರೆ ಮೀಟರ್ ಆಸುಪಾಸು ಅಷ್ಟೇ, ಆದ್ರೂ ಐದು ಹೊಳೆ ನೀರು ಒಂದೇ ಬಾಯಿಂದ ಹೊರಗೆ ಹೋಗ್ಬೇಕು ಅಂದಾಗ ಸೆಳೆತ ಸಣ್ಣದಲ್ಲ.

ಒಂದು ಲೆಕ್ಕ ಹೇಳ್ತೀನಿ, ಹೊಸಬರಿಗೆ ತುಂಬಾ ಉಪಯೋಗ. ಇಳಿತಕ್ಕೆ ಸುಮಾರು ಆರು ಗಂಟೆ ಅಂತ ಇಟ್ಕೊಳ್ಳಿ. ಒಟ್ಟು ಇಳಿಯೋ ನೀರನ್ನ ಹನ್ನೆರಡು ಪಾಲು ಮಾಡಿದ್ರೆ ಮೊದಲ ಗಂಟೆ ಒಂದು ಪಾಲು, ಎರಡನೇದು ಎರಡು, ಮೂರನೇ ಮತ್ತು ನಾಲ್ಕನೇ ಗಂಟೆ ಮೂರು ಮೂರು, ಆಮೇಲೆ ಎರಡು, ಕೊನೇಲಿ ಒಂದು. ಅಂದ್ರೆ ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಓಡುತ್ತೆ, ಹೊಸಬರು ಆ ಹೊತ್ತಲ್ಲಿ ನೀರಲ್ಲಿ ಇರಬಾರದು. ನಿಮಗೆ ಸುಲಭದ ಪ್ಲಾನ್ ಅಂದ್ರೆ ಭರತ ಏರುವ ಕೊನೆ ಹೊತ್ತಲ್ಲಿ ಹೊರಟು ನೀರಿನ ಜೊತೆಗೇ ಬಸ್ರೂರು ಕಡೆ ಮೇಲಕ್ಕೆ ಹೋಗಿ, ನೀರು ನಿಂತಾಗ ವಿಶ್ರಾಂತಿ ತಗೊಂಡು, ಇಳಿತ ಶುರುವಾಗೋ ಮೆಲ್ಲಗಿನ ಸೆಳೆತದಲ್ಲಿ ವಾಪಸ್. ಸುಸ್ತಾದವನನ್ನ ಹೊಳೆಯೇ ಮನೆಗೆ ತರುತ್ತೆ. ಆದ್ರೆ ಹೊಳೆ ಏರುವ ಹೊತ್ತು ಬಂದರಿನ ಟೇಬಲ್‌ಗಿಂತ ತಡ ಇರುತ್ತೆ, ಮೇಲೆ ಹೋದಷ್ಟೂ ತಡ, ಅದನ್ನ ನೀವೇ ದಂಡೆಯಲ್ಲಿ ನಿಂತು ಗುರುತು ಹಾಕ್ಕೊಳ್ಬೇಕು.

ಗಾಳಿ ಮರೀಬೇಡಿ. ಮಧ್ಯಾಹ್ನ ಆದ್ಮೇಲೆ ಸಮುದ್ರದಿಂದ ಪಡುವಣ ಗಾಳಿ ಏಳುತ್ತೆ, ಅದೇ ಹೊತ್ತಿಗೆ ಇಳಿತ ಇದ್ರೆ ನೀರು ಪಡುವಣಕ್ಕೆ, ಗಾಳಿ ಮೂಡಣಕ್ಕೆ, ಎರಡು ಎದುರಾದಲ್ಲಿ ಅಲೆ ಕಡಿದಾಗಿ ನಿಲ್ಲುತ್ತೆ. ಬೆಳಿಗ್ಗೆ ಹಾಲಿನಂಗೆ ಇದ್ದ ಜಾಗ ಮೂರು ಗಂಟೆಗೆ ಗುರುತೇ ಸಿಗಲ್ಲ.

ಮೂಲ್ಕಿ_ಅಲೆ:
ನಮ್ಮ ಮೂಲ್ಕಿ ಕತೆ ಹೇಳಿದ್ರೆ ನಿಮ್ಗೆ ಧೈರ್ಯ ಬರ್ಬಹುದು. 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾದಾಗ ಇಲ್ಲಿ ಸರ್ಫಿಂಗ್ ಅಂದ್ರೆ ಯಾರಿಗೂ ಗೊತ್ತಿರ್ಲಿಲ್ಲ, ಸಮುದ್ರಕ್ಕೆ ಇಳಿಯೋದು ಮೀನಿಗೆ ಮಾತ್ರ ಅನ್ನೋ ಕಾಲ. ಆಮೇಲೆ ಇಲ್ಲಿನ ಮಕ್ಕಳೇ ಕಲಿತ್ರು, ಅವ್ರೇ ಕಲಿಸೋರಾದ್ರು, ಸಸಿಹಿತ್ಲುವಲ್ಲಿ ದೇಶಮಟ್ಟದ ಸ್ಪರ್ಧೆ ಆಯ್ತು. ತನ್ವಿ ಜಗದೀಶ್ ಇಲ್ಲಿಂದಲೇ ಸ್ಟ್ಯಾಂಡ್ ಅಪ್ ಪ್ಯಾಡಲಿಂಗ್‌ನಲ್ಲಿ (ಬೋರ್ಡ್ ಮೇಲೆ ನಿಂತು ಹುಟ್ಟು ಹಾಕೋದು) ಹೊರದೇಶಕ್ಕೆ ಹೋಗಿ ಭಾರತದ ಹೆಸರಲ್ಲಿ ಸ್ಪರ್ಧೆ ಮಾಡಿದ್ರು. ಹೊರಗಿನವ್ರು ಬಂದು ಹೋಗೋದ್ರಿಂದ ಇದೆಲ್ಲ ಆಗ್ಲಿಲ್ಲ, ಊರಿನ ಮಕ್ಕಳ ಕೈಗೆ ಬೋರ್ಡ್ ಕೊಟ್ಟದ್ರಿಂದ ಆಯ್ತು. ನೀವೂ ಗಂಗೊಳ್ಳಿ, ಕೋಡಿ, ಖಾರ್ವಿಕೇರಿ ಮಕ್ಕಳನ್ನ ಮೊದಲ ದಿನದಿಂದ್ಲೇ ಸೇರಿಸ್ಕೊಳ್ಳಿ. ಫೀಸು ಅಂತ ಇಟ್ರೆ ಅವ್ರು ಬರೋದಿಲ್ಲ.

ಹೆಮ್ಮಾಡಿ_ಅಮ್ಮ:
ನನ್ನ ಮಗಳಿಗೆ ತುಂಬಾ ಆಸೆ ಇದೆ, ನನಗೂ ಇದೆ ಅಂತ ಹೇಳ್ಲಿಕ್ಕೆ ಸಂಕೋಚ ಇಲ್ಲ. ಆದ್ರೆ ನೇರವಾಗಿ ಕೇಳ್ತೇನೆ. ನಮಗೆ ಈಜು ಬರೋದಿಲ್ಲ. ಹೊಳೆ ದಂಡೆಯಲ್ಲೇ ಹುಟ್ಟಿ ಬೆಳೆದದ್ದು, ಅಣ್ಣಂದಿರು ಎಲ್ಲ ಈಜು ಕಲಿತ್ರು, ನಮ್ಮನ್ನು ಯಾರೂ ನೀರಿಗೆ ಬಿಡ್ಲಿಲ್ಲ. ಈ ಊರಲ್ಲಿ ನನ್ನ ವಯಸ್ಸಿನ ಹೆಂಗಸರು ಹೆಚ್ಚಿನವರದ್ದು ಇದೇ ಕತೆ. ಈಜು ಬಾರದಿದ್ರೆ ಬರ್ಬೇಡಿ ಅಂದ್ರೆ ನಿಮ್ಮ ಗುಂಪಲ್ಲಿ ಬರೇ ಗಂಡುಮಕ್ಕಳೇ ಉಳಿತಾರೆ. ಬಟ್ಟೆ ಬದಲಾಯಿಸ್ಲಿಕ್ಕೆ ಜಾಗ ಉಂಟಾ, ಶೌಚಾಲಯ ಹತ್ರ ಉಂಟಾ, ಅದನ್ನೂ ಈಗ್ಲೇ ಯೋಚನೆ ಮಾಡಿ. ಹಗ್ಗ ಹುಟ್ಟು ಜಾಕೆಟ್ ಬಗ್ಗೆ ಎಲ್ಲರೂ ಬರೀತಾರೆ, ಇದನ್ನು ಯಾರೂ ಬರಿಯೋದಿಲ್ಲ.

ಸಾಗರದವಳು:
ಅಕ್ಕ, ನೀವು ಕೇಳಿದ್ದು ತುಂಬಾ ಮುಖ್ಯ. ನಾನು ಹೊನ್ನೇಮರಡುವಿನಲ್ಲಿ, ಲಿಂಗನಮಕ್ಕಿ ಹಿನ್ನೀರಲ್ಲಿ, ಕಾಲೇಜಿನ ಕ್ಯಾಂಪಿಗೆ ಹೋದಾಗ ನನಗೂ ಈಜು ಬರ್ತಿರ್ಲಿಲ್ಲ. ಅಲ್ಲಿ ಮೊದಲು ಮಾಡಿಸಿದ್ದು ಲೈಫ್ ಜಾಕೆಟ್ ಹಾಕ್ಕೊಂಡು ನೀರಲ್ಲಿ ಸುಮ್ನೆ ತೇಲೋದು. ಕೈಕಾಲು ಬಿಟ್ಟು, ಆಕಾಶ ನೋಡ್ತಾ, ಜಾಕೆಟ್ ನನ್ನ ಹಿಡ್ಕೊಂಡಿದೆ ಅಂತ ಮೈಗೆ ಗೊತ್ತಾಗೋವರೆಗೂ. ಆಮೇಲೆ ತೆಪ್ಪ, ಅದಾದ್ಮೇಲೆ ಕಯಾಕ್. ಈಜು ಬರೋರಲ್ಲೂ ಎಷ್ಟೋ ಜನ ಮಗುಚಿದಾಗ ಗಾಬರಿಯಲ್ಲಿ ಕಯಾಕ್ ಬಿಟ್ಟು ದಂಡೆಗೆ ಈಜೋಕೆ ಹೋಗ್ತಾರೆ, ಅದು ಜಾಸ್ತಿ ಅಪಾಯ. ಹಾಗಂತ ಈಜು ಬೇಡ ಅಂತಲ್ಲ, ಮಗುಚಿದಾಗ ಎದೆ ಹೊಡ್ಕೊಳ್ಳದೆ ತೇಲ್ತಾ ಬೋಟ್ ಹಿಡ್ಕೊಳ್ಳೋಕೆ ಬಂದ್ರೆ ಮೊದಲ ದಿನಕ್ಕೆ ಸಾಕು, ಈಜು ಪಕ್ಕದಲ್ಲೇ ಕಲೀತಾ ಹೋಗ್ಬಹುದು. ಹೆಂಗಸರಿಗೆ ಬೇರೆ ಹೊತ್ತು ಇಟ್ರೆ ಮೊದಮೊದಲು ಜಾಸ್ತಿ ಜನ ಬರ್ತಾರೆ, ಆಮೇಲೆ ತಾನಾಗೇ ಸೇರ್ಕೋತಾರೆ.

ಲೈಫ್ ಜಾಕೆಟ್ ವಿಷಯ ಬಂತಲ್ಲ, ಪ್ರವಾಸಿ ಜಾಗಗಳಲ್ಲಿ ಕೊಡೋ ಸವೆದು ಹೋದ ಕಿತ್ತಳೆ ಜಾಕೆಟ್ ನಂಬ್ಬೇಡಿ. ಒಳಗಿನ ಫೋಮ್ ಹಳೇದಾಗಿ ತೆಳ್ಳಗಾಗಿರುತ್ತೆ. ಹಾಕ್ಕೊಂಡು ಬಕಲ್ ಬಿಗಿದ್ಮೇಲೆ ಇನ್ನೊಬ್ರು ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎತ್ತಬೇಕು, ಗಲ್ಲದವರೆಗೆ ಏರಿ ಬಂದ್ರೆ ಅದು ನಿಮ್ಮ ಸೈಜಲ್ಲ.

ವಾರಾಹಿದಂಡೆ:
ಅಮ್ಮ, ನೀವು ಬರೆದದ್ದು ಓದಿ ನನ್ನ ಮನೆಯಲ್ಲಿ ಹೆಂಡತಿ "ಇದೇ ನಾನು ಹೇಳ್ಬೇಕಂತ ಇದ್ದದ್ದು" ಅಂದ್ಳು. ಇಳಿಯುವ ಜಾಗ ಆರಿಸುವಾಗ ಹತ್ರದಲ್ಲಿ ಒಂದು ಮನೆಯೋ ಶಾಲೆಯೋ ಇರ್ಬೇಕು ಅಂತ ಬರ್ಕೊಂಡೆ. ಆನಗಳ್ಳಿ ಕಡೆ ನನಗೆ ಪರಿಚಯದ ಮನೆಯವರು ಹೊಳೆಬದಿ ತೋಟದಲ್ಲಿ ಜಾಗ ಕೊಡ್ತೇನೆ ಅಂದಿದ್ದಾರೆ, ಅವರಲ್ಲಿ ಬಚ್ಚಲೂ ಉಂಟು. ಸೇತುವೆಗಿಂತ ಮೇಲೆ, ಅಳಿವೆಯಿಂದ ದೂರ.

ಈಗ ಬೋಟ್ ವಿಷಯ. ಗಾಳಿ ತುಂಬಿಸುವ ಕಯಾಕ್ ಕಡಿಮೆಗೆ ಸಿಗ್ತದೆ, ಸ್ಕೂಟರ್‌ನಲ್ಲೂ ತರ್ಬಹುದು. ಅದರಿಂದ ಶುರು ಮಾಡಿದ್ರೆ ಹೇಗೆ?

ಗಂಗೊಳ್ಳಿ_ಹುಡ್ಗ:
ಕಾಂಡ್ಲಾ ಬೇರಿಗೆ, ಕಲ್ಲಿಗೆ ಚಿಪ್ಪಿ ಅಂಟ್ಕಂಡಿರ್ತ್, ಬ್ಲೇಡ್ ಹಾಂಗೆ. ಒಂದ್ ಸಲ ಉಜ್ಜಿರೆ ಗಾಳಿ ಬೋಟ್ ಕತಿ ಮುಗೀತ್. ಕಾಲಿಗೂ ಅಷ್ಟೇ, ಬರಿ ಕಾಲಲ್ಲಿ ಇಳುಕಾಗ.

ಬೆಂಗ್ಳೂರ್‌ಪ್ಯಾಡ್ಲರ್:
ಹಾಗಿದ್ರೆ ಗಟ್ಟಿ ಪ್ಲಾಸ್ಟಿಕ್‌ನ ಸಿಟ್ ಆನ್ ಟಾಪ್ (ಮೇಲೇ ಕೂರೋ ಕಯಾಕ್) ತಗೊಳ್ಳಿ, ಇಬ್ಬರು ಕೂರೋದು. ಒಳಗೆ ಕಾಲು ತೂರಿಸಿ ಕೂರೋ ಕಯಾಕ್ ಸಮುದ್ರಕ್ಕೆ ದೂರದ ಪ್ರಯಾಣಕ್ಕೆ ಚೆನ್ನ, ಕಯಾಕರ್ ಕೌಸ್ತುಭ್ ಖಾಡೆ ನಮ್ಮ ಪಶ್ಚಿಮ ಕರಾವಳಿ ಉದ್ದಕ್ಕೂ ಹೋಗಿದ್ದು ಅಂತದ್ರಲ್ಲೇ, ಆದ್ರೆ ಅದು ಮಗುಚಿದ್ರೆ ನೀರು ತುಂಬುತ್ತೆ, ಹೊರಗೆ ಬರೋದನ್ನ ಕಲೀಬೇಕು, ನೀರು ಖಾಲಿ ಮಾಡೋದನ್ನ ಕಲೀಬೇಕು. ಸಿಟ್ ಆನ್ ಟಾಪ್ ಮಗುಚಿದ್ರೆ ತಿರುಗಿಸಿ ಮೇಲೆ ಹತ್ತಿದ್ರೆ ಆಯ್ತು, ಅದರಲ್ಲಿರೋ ತೂತಿಂದ ನೀರು ತಾನೇ ಇಳಿದುಹೋಗುತ್ತೆ. ಹೊಸಬರ ಗುಂಪಿಗೆ ಇದಕ್ಕಿಂತ ಒಳ್ಳೇದಿಲ್ಲ. ಹೊಸದಕ್ಕೆ ಮೂವತ್ತು ನಲ್ವತ್ತು ಸಾವಿರದ ಮೇಲೆನೇ ಆಗುತ್ತೆ, ಆದ್ರೆ ರೆಸಾರ್ಟ್‌ಗಳು ಸೀಸನ್ ಮುಗಿದ್ಮೇಲೆ ಹಳೇ ಬೋಟ್ ಮಾರ್ತಾರೆ, ಅಲ್ಲಿ ವಿಚಾರಿಸಿ. ತಗೊಳ್ಳುವಾಗ ಕೆಳಭಾಗ ಬಿರುಕು ಬಿಟ್ಟಿದೆಯಾ, ಒಳಗೆ ನೀರು ಕುಲುಕೋ ಸದ್ದು ಬರುತ್ತಾ ನೋಡಿ. ಮನೆಗೆ ತಂದ್ಮೇಲೆ ಬಿಸಿಲಲ್ಲಿ ಇಡ್ಬೇಡಿ, ಪ್ಲಾಸ್ಟಿಕ್ ಬಿಸಿಲಿಗೆ ಒಣಗಿ ಪೆಡಸಾಗುತ್ತೆ, ಕಾರ್ ಮೇಲೆ ಬಿಗಿಯಾಗಿ ಕಟ್ಟಿ ಬಿಸಿಲಲ್ಲಿ ಬಿಟ್ರೆ ತಗ್ಗು ಬೀಳುತ್ತೆ.

ಎರಡೇ ಎರಡು ಬೋಟ್ ಸಾಕು ಶುರುವಿಗೆ. ನಾಲ್ಕು ಜನ ನೀರಲ್ಲಿ, ನಾಲ್ಕು ಜನ ದಂಡೆಯಲ್ಲಿ ಕಾಯ್ತಾ ಮಾತಾಡ್ತಾ ಇರ್ತಾರೆ, ನಿಜ ಹೇಳ್ಬೇಕಂದ್ರೆ ನಮ್ಮಲ್ಲಿ ಸ್ನೇಹ ಬೆಳೆದಿದ್ದು ಆ ದಂಡೆಯಲ್ಲೇ.

ದಾಂಡೇಲಿ_ರಾಫ್ಟರ್:
ಕಾಳಿ ನದಿಯಲ್ಲಿ ಗಣೇಶಗುಡಿ ಹತ್ರ ರಾಫ್ಟಿಂಗ್ ಗೈಡ್ ಆಗಿ ಕೆಲಸ ಮಾಡಿದೀನ್ರಿ. ಎರಡು ಮಾತು ಹೇಳ್ತೀನಿ, ಎರಡೂ ಜೀವದ ಮಾತು.

ಮೊದಲ್ನೇದು, ನಿಮ್ಮ ಕಡೆ ಕಿಂಡಿ ಅಣೆಕಟ್ಟು ಭಾಳ ಅದಾವ. ಮಳಿ ಮುಗದ ಮ್ಯಾಲೆ ಹಲಗಿ ಹಾಕಿ ನೀರು ನಿಲ್ಲಸ್ತಾರ, ಮಳಿಗಾಲದ ಮುಂಚೆ ತಗಿತಾರ. ಹಲಗಿ ಮ್ಯಾಲಿಂದ ನೀರು ಹರದು ಕೆಳಗ ಬೀಳು ಜಾಗದಾಗ ನೋಡಾಕ ಎರಡು ಅಡಿ ಎತ್ತರ ಅಷ್ಟ, ಏನೂ ಅನ್ಸೂದಿಲ್ಲ. ಆದ್ರ ಕೆಳಗ ಬಿದ್ದ ನೀರು ಮ್ಯಾಲೆದ್ದು ಹಿಂದಕ ತಿರುಗಿ ಅಣೆಕಟ್ಟಿನ ಕಡೆನ ಎಳೀತೈತಿ. ಮನುಷ್ಯ ಆಗ್ಲಿ ಬೋಟ್ ಆಗ್ಲಿ ಅದರಾಗ ಸಿಕ್ಕರ ಉಳ್ಳಾಡ್ತಾನ ಇರ್ತೈತಿ, ಹೊರಗ ಬಿಡೂದಿಲ್ಲ. ಜಾಕೆಟ್ ಹಾಕಿದ್ರೂ ಅಷ್ಟ. ಮ್ಯಾಲಿಂದ ಬರೋವಾಗ ಅದು ಕಾಣೂದೂ ಇಲ್ಲ, ನೀರು ಸಪಾಟ ಕಾಣತೈತಿ. ಯಾವ ಹೊಳಿಯಾಗ ಎಲ್ಲೆಲ್ಲಿ ಐತಿ ಅಂತ ಮೊದಲ ನಡಕೊಂಡು ಹೋಗಿ ನೋಡ್ರಿ, ಗುಂಪಿನ ನಕಾಶಿಯಾಗ ಕೆಂಪು ಗುರುತು ಹಾಕ್ರಿ.

ಎರಡನೇದು ವಾರಾಹಿ ಮ್ಯಾಲೆ ಹೊಸಂಗಡಿ ಕಡೆ ವಿದ್ಯುತ್ ಉತ್ಪಾದನೆ ಐತಿ, 460 ಮೆಗಾವ್ಯಾಟ್. ಅಲ್ಲಿ ಯಂತ್ರ ಓಡಿಸಿದಂಗ ಕೆಳಗ ಹೊಳಿ ಏರಿಳೀತೈತಿ. ಕಾಳಿಯಾಗ ನಮ್ಮ ರಾಫ್ಟಿಂಗ್ ನಡೆಯೂದ ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರಿನ ಮ್ಯಾಲೆ, ಹಂಗಾಗಿ ನಮಗ ಇದು ದಿನದ ವಿಷಯ. ನೀವು ಕೆಳಗ ಭರತದ ನೀರಾಗ ಇದ್ರ ಅಷ್ಟು ತೊಂದ್ರಿ ಇಲ್ಲ, ಮ್ಯಾಲೆ ಸಿದ್ದಾಪುರದ ಕಡೆ ಹೋಗೂ ಆಸೆ ಬಂದಾಗ ನೆನಪಿಟ್ಕೊಳ್ರಿ.

ವಾರಾಹಿದಂಡೆ:
ಸರ್, ಕಿಂಡಿ ಅಣೆಕಟ್ಟಿನ ವಿಷಯ ನೀವು ಹೇಳದಿದ್ರೆ ನಮಗೆ ಹೊಳೆಯುತ್ತಲೇ ಇರ್ಲಿಲ್ಲ, ಅದರ ಮೇಲೆ ಸ್ಕೂಟರ್ ಓಡಿಸ್ಕೊಂಡು ಹೋಗುವವರು ನಾವು. ಬೋಟ್ ತರುವ ಮೊದಲೇ ಬೈಕಲ್ಲಿ ದಂಡೆ ಉದ್ದಕ್ಕೂ ಹೋಗಿ ಗುರುತು ಹಾಕುವ ಕೆಲಸ ಇಟ್ಕೊಳ್ತೇವೆ.

ಕೋಟೇಶ್ವರ_೭೬:
ಇದೆಲ್ಲ ಸರಿ, ಮೊದಲು ಸಂಘ ನೋಂದಣಿ ಮಾಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಇದ್ರೆ ಸಾಕು. ಅಧ್ಯಕ್ಷ ಕಾರ್ಯದರ್ಶಿ ಖಜಾಂಚಿ, ಬ್ಯಾಂಕ್ ಅಕೌಂಟ್, ರಶೀದಿ ಪುಸ್ತಕ. ಇಲ್ಲದಿದ್ರೆ ನಾಳೆ ಬೋಟ್ ಯಾರದ್ದು ಅಂತ ಜಗಳ ಬರ್ತದೆ. ಪಂಚಾಯತ್ ಕೂಡ ಸಂಘ ಅಂದ್ರೆ ಮಾತ್ರ ಮಾತಾಡ್ತದೆ.

ಬೆಂಗ್ಳೂರ್‌ಪ್ಯಾಡ್ಲರ್:
ನನಗೆ ಒಪ್ಪಿಗೆ ಇಲ್ಲ ಸರ್. ಇನ್ನೂ ಒಂದು ದಿನ ನೀರಿಗೆ ಇಳಿದಿಲ್ಲ, ಅಧ್ಯಕ್ಷರು ಯಾರು ಅಂತ ಶುರುವಾದ್ರೆ ಅಲ್ಲೇ ನಿಂತುಹೋಗುತ್ತೆ. ಒಂದು ಸೀಸನ್ ಪ್ಯಾಡಲ್ ಮಾಡಿ, ಯಾರು ನಿಜವಾಗಿ ಬೆಳಿಗ್ಗೆ ಎದ್ದು ಬರ್ತಾರೆ, ಯಾರು ಬೋಟ್ ತೊಳೆದಿಟ್ಟು ಹೋಗ್ತಾರೆ ಗೊತ್ತಾಗ್ಲಿ, ಅವರೇ ಸಂಘ.

ಕೋಟೇಶ್ವರ_೭೬:
ಯುವಕ ಮಂಡಲ, ಯಕ್ಷಗಾನ ಸಂಘ ಎಲ್ಲ ನಡೆಸಿದ ಅನುಭವದಲ್ಲಿ ಹೇಳಿದ್ದು. ಒಂದು ಅವಘಡ ಆದ್ರೆ ಜವಾಬ್ದಾರಿ ಯಾರದ್ದು? ಕಯಾಕ್ ತಂದವನ ಮೇಲೆ ಬರ್ತದೆ. ಅದಕ್ಕೆ ಉತ್ತರ ಕೊಡಿ.

ವಾರಾಹಿದಂಡೆ:
ಇಬ್ಬರ ಮಾತಲ್ಲೂ ಸತ್ಯ ಉಂಟು. ನನ್ನ ಅಭಿಪ್ರಾಯ ಹೀಗೆ. ಬೋಟ್ ನಾಲ್ಕೈದು ಜನ ದುಡ್ಡು ಹಾಕಿ ತಗೊಳ್ಳೋದು, ಯಾರು ಎಷ್ಟು ಹಾಕಿದ್ರು, ಬಿಟ್ಟು ಹೋಗುವಾಗ ಎಷ್ಟು ವಾಪಸ್ ಅಂತ ಒಂದು ಕಾಗದದಲ್ಲಿ ಬರೆದು ಎಲ್ಲರ ಸಹಿ. ಈ ಸೀಸನ್ ಪೂರ್ತಿ ಯಾರಿಂದಲೂ ಫೀಸು ತಗೊಳ್ಳೋದಿಲ್ಲ, ದುಡ್ಡು ತಗೊಂಡ್ರೆ ಅದು ವ್ಯಾಪಾರ ಆಗ್ತದೆ, ಆಗ ಪ್ರವಾಸೋದ್ಯಮ ಇಲಾಖೆ ಅನುಮತಿ ಎಲ್ಲ ಬೇರೆ ಮಾತು. ಪಂಚಾಯತ್‌ಗೆ ಮತ್ತು ಗಂಗೊಳ್ಳಿ ಕರಾವಳಿ ಕಾವಲು ಪೊಲೀಸ್ ಠಾಣೆಗೆ ನಾವು ಇಂತ ಜಾಗದಲ್ಲಿ ಇಂತ ದಿನ ನೀರಲ್ಲಿ ಇರ್ತೇವೆ ಅಂತ ಮೊದಲೇ ಪತ್ರ ಕೊಡ್ತೇವೆ. ಮಳೆಗಾಲ ಬಂದಾಗ, ನೀರಿಗೆ ಇಳಿಯದ ಆ ತಿಂಗಳುಗಳಲ್ಲಿ ನೋಂದಣಿ ಮಾಡಿಸುವ. ಹಿರಿಯರು ಆಗ ನೀವೇ ಮುಂದೆ ನಿಂತು ಮಾಡಿಸ್ಬೇಕು, ನಮಗೆ ಆ ಕೆಲಸ ಬರೋದಿಲ್ಲ.

ಕೋಟೇಶ್ವರ_೭೬:
ಆಯ್ತು. ಬೈಲಾ (ಸಂಘದ ನಿಯಮಾವಳಿ) ನಾನು ಬರೆದು ಕೊಡ್ತೇನೆ. ಲೆಕ್ಕ ಮಾತ್ರ ಮೊದಲ ದಿನದಿಂದ ಸರಿ ಇಡಿ.

ಬ್ರಿಸ್ಟಲ್_ಕನ್ನಡಿಗ:
ಜವಾಬ್ದಾರಿ ಪ್ರಶ್ನೆಗೆ ಕಾಗದದ ಉತ್ತರ ಒಂದು, ನೀರಿನ ಉತ್ತರ ಇನ್ನೊಂದು. ಗುಂಪಲ್ಲಿ ಪ್ರತಿಯೊಬ್ಬನಿಗೂ ಇನ್ನೊಬ್ಬನನ್ನ ನೀರಿಂದ ಮೇಲೆತ್ತೋಕೆ ಬರಬೇಕು. ಇದು ನನಗೆ ಎಲ್ಲಕ್ಕಿಂತ ದೊಡ್ಡ ವಿಷಯ ಅನ್ಸುತ್ತೆ, ಅದಕ್ಕೇ ಉದ್ದ ಬರೀತೀನಿ, ಸಹಿಸ್ಕೊಳ್ಳಿ. ಎಷ್ಟೋ ಜನ ವರ್ಷಗಟ್ಟಲೆ ಪ್ಯಾಡಲ್ ಮಾಡಿರ್ತಾರೆ, ಒಂದು ಸಲವೂ ಬೇಕಂತ ಮಗುಚಿ ನೋಡಿರಲ್ಲ. ನಿಮ್ಮ ಮೊದಲ ದಿನ ಎಲ್ಲಿಗೂ ಹೋಗ್ಬೇಡಿ. ಸೊಂಟದ ಮಟ್ಟ ನೀರಲ್ಲಿ, ಕೆಸರಿಲ್ಲದ ಮರಳು ನೆಲ ನೋಡಿ, ಮಗುಚೋದೇ ಅಭ್ಯಾಸ. ಮಗುಚಿದ ತಕ್ಷಣ ಬೋಟ್ ಹಿಡ್ಕೋ, ಹುಟ್ಟು ಹಿಡ್ಕೋ, ಕೂಗು. ಬೋಟ್ ತಿರುಗಿಸಿ, ಪಕ್ಕದಿಂದ ಕಾಲು ಬಡಿದು ನೀರಿನ ಮೇಲೆ ಮೈ ಚಪ್ಪಟೆ ಮಾಡಿ ಹೊಟ್ಟೆ ಅಡ್ಡ ಹಾಕಿ ಹತ್ತೋದು, ಆಮೇಲೆ ತಿರುಗಿ ಕುಂಡೆ ಊರಿ ಕೂರೋದು, ಕೊನೆಗೆ ಕಾಲು ಒಳಗೆ. ನಿಂತ್ಕೊಂಡು ಹತ್ತೋಕೆ ಹೋದ್ರೆ ಮತ್ತೆ ಮಗುಚುತ್ತೆ. ಒಬ್ಬರಿಗೇ ಆಗದಿದ್ರೆ ಇನ್ನೊಂದು ಬೋಟ್ ಪಕ್ಕಕ್ಕೆ ಬಂದು ಎರಡನ್ನೂ ಒತ್ತಿ ಹಿಡ್ಕೋಬೇಕು, ಎರಡು ಸೇರಿದ್ರೆ ಅಲ್ಲಾಡಲ್ಲ. ದಪ್ಪ ಇರೋರು, ವಯಸ್ಸಾದೋರು ಹತ್ತೋಕೆ ಹಗ್ಗದ ಒಂದು ಕುಣಿಕೆ ಬೋಟಿಗೆ ಕಟ್ಟಿ ಕಾಲಿಡೋಕೆ ಕೊಡಿ, ಬಹಳ ಸಹಾಯ. ಇದು ಆಳದ ನೀರಲ್ಲೂ ಬಂದ್ಮೇಲೆ ಮಾತ್ರ ಬಸ್ರೂರು ಗಿಸ್ರೂರು ಎಲ್ಲ.

ಒಂದು ಸಣ್ಣ ವಿಷ್ಯ, ಸಮುದ್ರದಲ್ಲಿ ಬೋರ್ಡಿಗೆ ಕಾಲು ಕಟ್ಟೋ ಹಗ್ಗ ಸರಿ, ಹರಿಯೋ ಹೊಳೆಯಲ್ಲಿ ಮೈಗೆ ಏನನ್ನೂ ಕಟ್ಕೋಬೇಡಿ, ಗೂಟಕ್ಕೋ ಬೇರಿಗೋ ಸಿಕ್ಕಿದ್ರೆ ಬಿಡಿಸ್ಕೊಳ್ಳೋಕೆ ಆಗಲ್ಲ.

ಮೂಲ್ಕಿ_ಅಲೆ:
+1. ಮತ್ತೆ ಎಲ್ಲರ ಜಾಕೆಟ್‌ಗೂ ಒಂದು ಪೀಪಿ ಕಟ್ಟಿ, ಮೂರು ಸಲ ಊದಿದ್ರೆ ಸಹಾಯ ಬೇಕು ಅಂತ. ಫೋನ್ ನೀರು ಹೋಗದ ಚೀಲದಲ್ಲಿ ಮೈಮೇಲೆ ಇರ್ಲಿ, ಬೋಟಲ್ಲಿ ಅಲ್ಲ. 112, ಕರಾವಳಿ ಕಾವಲು ಪೊಲೀಸ್ 1093, ಕೋಸ್ಟ್ ಗಾರ್ಡ್ 1554, ಮೂರೂ ಸೇವ್ ಮಾಡ್ಕೊಳ್ಳಿ.

ವೈದ್ಯೆ_ಮಲೆನಾಡು:
ಇಲಿಜ್ವರ ಯಾರೂ ಹೇಳ್ಲಿಲ್ಲ, ನಾನು ಹೇಳಿ ಹೋಗ್ತೀನಿ. ಕರಾವಳಿ ಮಲೆನಾಡಲ್ಲಿ ಮಳೆಗಾಲದಲ್ಲಿ ಪ್ರತಿ ವರ್ಷ ನೋಡೋ ಕಾಯಿಲೆ. ಕಾಲಲ್ಲಿ ಕೈಯಲ್ಲಿ ಗಾಯ ಇದ್ರೆ ಕೆಸರು ನೀರಿಗೆ ಇಳೀಬೇಡಿ, ಚಿಪ್ಪಿ ಕೊಯ್ದ ಗಾಯ ಆದ್ರೆ ದಂಡೆಗೆ ಬಂದ ತಕ್ಷಣ ಒಳ್ಳೆ ನೀರು ಸೋಪಲ್ಲಿ ತೊಳೀರಿ. ನೀರಿಗೆ ಇಳಿದು ಒಂದೆರಡು ವಾರದೊಳಗೆ ಜೋರು ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಬಂದ್ರೆ ಮಾತ್ರೆ ನುಂಗಿ ಕೂರದೆ ಡಾಕ್ಟರ್ ಹತ್ರ ಹೋಗಿ, ಹೊಳೆಗೆ ಇಳಿದಿದ್ದೆ ಅಂತ ಬಾಯಿಬಿಟ್ಟು ಹೇಳಿ. ಹೇಳಿದ್ರೆ ನಮಗೆ ಬೇಗ ಹೊಳೆಯುತ್ತೆ.

ಹೆಬ್ರಿ_ಕಾಡು:
ಮಳೆಗಾಲ ಯಾಕೆ ಬಿಡೋದು? ಕೇರಳದಲ್ಲಿ ಮಳೆಗಾಲದಲ್ಲೇ ಅಲ್ವಾ ಕಯಾಕಿಂಗ್, ಮಲಬಾರ್ ರಿವರ್ ಫೆಸ್ಟಿವಲ್ ವೀಡಿಯೋ ನೋಡಿದೀನಿ, ಸಖತ್.

ದಾಂಡೇಲಿ_ರಾಫ್ಟರ್:
ಅದು ಬ್ಯಾರೆ ಆಟ ರೀ. ಕೋಡಂಚೇರಿ ಕಡೆ ಚಾಲಿಪುಳ, ಇರುವಂಜಿಪುಳದಾಗ ಬಂಡಿ ನಡುವ ನುಗ್ಗು ನೀರು, ಸಣ್ಣ ಬೋಟ್, ಹೆಲ್ಮೆಟ್, ದಂಡ್ಯಾಗ ಹಗ್ಗ ಹಿಡ್ಕೊಂಡು ನಿಂತ ರಕ್ಷಣಾ ತಂಡ. ಅಲ್ಲಿ ಬರೋರು ದೇಶ ವಿದೇಶದ ಪಳಗಿದವ್ರು. ಅದೂ 2013ರಿಂದ ವರ್ಷಾ ವರ್ಷಾ ಬೆಳಕೊಂಡು ಬಂದದ್ದು. ಮಳಿಗಾಲದಾಗ ಪಂಚಗಂಗಾವಳಿ (ನಿಮ್ಮ ಐದೂ ಹೊಳಿ ಕೂಡಿದ್ದು) ಕೆಂಪಾಗಿ, ಮರದ ದಿಮ್ಮಿ, ತೆಂಗಿನ ಮರ ಎಲ್ಲ ತೇಲಿ ಬರ್ತಾವ. ದಂಡಿ ಮ್ಯಾಲೆ ಬಗ್ಗಿದ ಕೊಂಬಿ ನೀರಾಗ ಮುಳುಗಿರ್ತಾವ, ನೀರು ಅದರಾಗಿಂದ ದಾಟತೈತಿ, ಮನುಷ್ಯ ಸಿಕ್ಕಾಕೊಂತಾನ. ಬ್ಯಾಡ.

ಗಂಗೊಳ್ಳಿ_ಹುಡ್ಗ:
ಜೂನ್ ಒಂದರಿಂದ ಜುಲೈ ಕೊನಿವರೆಗೆ ಯಾಂತ್ರಿಕ ಬೋಟಿಗೇ ಬಂದ್. ನಮ್ಮಂತವ್ರೇ ಇಳಿಯುದಿಲ್ಲ ಅಂದ್ಮೇಲೆ ನಿಮ್ಗೆ ಎಂತಕ್ಕೆ. ಆದ್ರೆ ಆ ಎರಡ್ ತಿಂಗ್ಳ್ ನಮ್ ಬದಿ ಗಂಡುಮಕ್ಳ್ ಖಾಲಿ ಇರ್ತ್ರ್, ಸ್ವಿಮ್ಮಿಂಗ್ ಪೂಲಲ್ಲಿ ರೆಸ್ಕ್ಯೂ ಕಲಿಸುದಿದ್ರೆ ಕರೀನಿ, ನಮ್ಮವ್ರಿಗೂ ಬೇಕ್ ಅದ್. ಸಮುದ್ರಕ್ಕೆ ಹೋಪವ್ರಲ್ಲಿ ಲೈಫ್ ಜಾಕೆಟ್ ಹಾಕ್ದಿದ್ದವ್ರೇ ಜಾಸ್ತಿ.

ಸಾಗರದವಳು:
ಇದು ಓದಿ ಖುಷಿಯಾಯ್ತು. ಹೀಗೆ ಎರಡೂ ಕಡೆ ಕೊಡೋದು ತಗೊಳ್ಳೋದು ಇದ್ರೆ ಗುಂಪು ಉಳಿಯುತ್ತೆ. ನೀವು ಅವ್ರಿಗೆ ರಕ್ಷಣೆ ಕಲಿಸಿ, ಅವ್ರು ನಿಮಗೆ ಹೊಳೆ ಕಲಿಸ್ಲಿ.

ಹೆಮ್ಮಾಡಿ_ಅಮ್ಮ:
ಮಕ್ಕಳಿಗೆ ಮುಂದೆ ಇದರಲ್ಲಿ ಆಟದ ದಾರಿ ಏನಾದ್ರೂ ಉಂಟಾ? ಮಗಳು ಕೇಳ್ತಿದ್ದಾಳೆ.

ಬೆಂಗ್ಳೂರ್‌ಪ್ಯಾಡ್ಲರ್:
ಇದೆ ಅಮ್ಮ. ಒಲಿಂಪಿಕ್ಸಲ್ಲಿ ಕಯಾಕ್, ಕನೂ (ಒಂದೇ ತುದಿಗೆ ಅಲಗಿರೋ ಹುಟ್ಟಿನ ದೋಣಿ) ಎರಡೂ ಇದೆ, ನಿಂತ ನೀರಲ್ಲಿ ನೇರ ಓಟ. ಹ್ಯಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ, 2023ರಲ್ಲಿ, ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಸಲಾಂ ಇಬ್ಬರ ಕನೂ 1000 ಮೀಟರಲ್ಲಿ ಕಂಚು ತಂದ್ರು. ಪ್ರಾಚಿ ಯಾದವ್ ಟೋಕಿಯೋ ಪ್ಯಾರಾಲಿಂಪಿಕ್ಸ್ ಫೈನಲ್ ತನಕ ಹೋದ್ರು, ಭೋಪಾಲದ ಕೆರೆಯಲ್ಲಿ ಅಭ್ಯಾಸ ಮಾಡಿದೋರು. ಆ ಬೋಟ್ ತುಂಬಾ ಸಪೂರ, ಕೂತ್ಕೊಳ್ಳೋದೇ ಕಷ್ಟ, ಆದ್ರೆ ನೀರಿನ ಹೆದರಿಕೆ ಹೋಗಿ ಹುಟ್ಟು ಹಿಡಿಯೋ ಕೈ ಬಂದಿದ್ರೆ ಅರ್ಧ ದಾರಿ ಆದಂಗೆ. ಈಗ್ಲೇ ಅದನ್ನ ತಲೆಗೆ ತುಂಬ್ಬೇಡಿ, ಮೊದಲು ಆಟ ಆಡ್ಲಿ.

ವಾರಾಹಿದಂಡೆ:
ಎಲ್ರಿಗೂ ತುಂಬಾ ತುಂಬಾ ಧನ್ಯವಾದ. ಇವತ್ತು ಗಂಗೊಳ್ಳಿಯವರು ಅವರ ಮಾವನ ದೋಣಿಯಲ್ಲಿ ನಮ್ಮನ್ನು ಕರ್ಕೊಂಡು ಹೋಗಿ ಆನಗಳ್ಳಿಯಿಂದ ಬಸ್ರೂರು ಕಡೆ ತೋರಿಸಿದ್ರು. ಬಲೆ ಗೂಟ, ಮರಳು ತೆಗೆದು ಗುಂಡಿ ಬಿದ್ದ ಜಾಗ, ಇಳಿತದಲ್ಲಿ ಕೆಸರು ಏಳುವ ದಂಡೆ, ಎಲ್ಲ ಫೋನಿನ ಮ್ಯಾಪಲ್ಲಿ ಗುರುತು ಹಾಕಿಕೊಂಡೆವು. ಬಲೆ ಕಟ್ಟುವ ಹಿರಿಯರೊಬ್ಬರ ಹತ್ರ ಕೂತು ಮಾತಾಡಿದೆವು, ಅವರ ಒಂದೇ ಮಾತು, ಸಂಜೆ ಬಲೆ ಬಿಡುವ ಹೊತ್ತಲ್ಲಿ ಬರ್ಬೇಡಿ, ಬಾಕಿ ಹೊಳೆ ಎಲ್ಲರದ್ದೂ. ಅದನ್ನು ಗುಂಪಿನ ಮೊದಲ ನಿಯಮ ಮಾಡ್ತೇವೆ.

ಬೋಟ್ ಎರಡು, ಹಳೇದು, ಮಾತಾಡಿ ಆಗಿದೆ, ಜಾಕೆಟ್ ಮಾತ್ರ ಹೊಸದೇ ತರುವುದು. ಮುಂದಿನ ಭಾನುವಾರ ಶುರು, ಹೊತ್ತು ಭರತ ನೋಡಿ ಶುಕ್ರವಾರ ಇಲ್ಲೇ ಹಾಕ್ತೇನೆ. ಎಲ್ಲಿಗೂ ಹೋಗೋದಿಲ್ಲ, ತೇಲೋದು, ಮಗುಚೋದು, ಹತ್ತೋದು ಅಷ್ಟೇ. ಹೆಂಗಸರಿಗೆ ಮೊದಲ ಒಂದು ಗಂಟೆ, ಕಾಲೇಜಿನ ಈಜು ಕಲಿಸುವ ಮೇಡಂ ಬರ್ತೇನೆ ಅಂದಿದ್ದಾರೆ. ಹಳೇ ಶೂ ಹಾಕ್ಕೊಂಡು ಬನ್ನಿ, ಬರಿಗಾಲು ಬೇಡ, ಸೀರೆ ಲುಂಗಿ ಬೇಡ, ಕುಡಿಯುವ ನೀರು ತನ್ನಿ.

ಹೆಮ್ಮಾಡಿ_ಅಮ್ಮ:
ನಾವಿಬ್ರು ಬರ್ತೇವೆ. ಪಕ್ಕದ ಮನೆಯವರೂ ಕೇಳಿದ್ರು, ಅವರಿಗೆ ಐವತ್ತೆಂಟು ವಯಸ್ಸು, ಬಿಪಿ ಮಾತ್ರೆ ತಗೊಳ್ತಾರೆ. ಬರ್ಬಹುದಾ?

ವೈದ್ಯೆ_ಮಲೆನಾಡು:
ಬಿಪಿ ಹತೋಟಿಯಲ್ಲಿ ಇದ್ರೆ, ಅವರ ಡಾಕ್ಟರಿಗೆ ಒಂದು ಮಾತು ಕೇಳಿ ಬರ್ಲಿ. ಬೆಳಿಗ್ಗೆ ಮಾತ್ರೆ ತಪ್ಪಿಸ್ಬಾರ್ದು, ಖಾಲಿ ಹೊಟ್ಟೆಯಲ್ಲಿ ಬರ್ಬಾರ್ದು. ಮೊದಲ ದಿನ ತೇಲೋದಷ್ಟೇ ಸಾಕು ಅವರಿಗೆ.

ಗಂಗೊಳ್ಳಿ_ಹುಡ್ಗ:
ಭಾನುವಾರ ನಾನೂ ತಂಗಿನೂ ಬತ್ತ್. ದೋಣಿ ತತ್ತೆ, ಹೊಸಬ್ರ್ ನೀರಲ್ಲಿ ಇಪ್ಪಷ್ಟ್ ಹೊತ್ತ್ ಅದ್ ಅಲ್ಲೇ ಬದಿಯಲ್ಲಿ ಇರ್ಲಿ.